ಸಹಾಯ ಬೇಕು: ಚಿಕ್ಕಪ್ಪನಿಗೆ ಕಾರ್-ಟಿ ಚಿಕಿತ್ಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಪ್ಪನಿಗೆ ಬಿ-ಸೆಲ್ ಲಿಂಫೋಮಾ (ಒಂದು ಬಗೆಯ ರಕ್ತದ ಕ್ಯಾನ್ಸರ್). ಕೀಮೋ ಆದಮೇಲೆ ಚೆನ್ನಾಗಿದ್ದರು, ಈಗ ಕುತ್ತಿಗೆಯಲ್ಲಿ ಗಡ್ಡೆ ಮತ್ತೆ ಕಾಣಿಸಿಕೊಂಡಿದೆ. ಡಾಕ್ಟರು ಕಾರ್-ಟಿ ಮಾಡಿಸಬಹುದು ಅಂದಿದ್ದಾರೆ.

ನನಗೆ ಅರ್ಥವಾದದ್ದು ಇಷ್ಟು: ರೋಗಿಯ ರಕ್ತದಿಂದಲೇ ಟಿ-ಕಣ (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣ) ತೆಗೆದು, ಕ್ಯಾನ್ಸರ್ ಕಣದ ಮೇಲಿರುವ ಸಿಡಿ19 ಎಂಬ ಪ್ರೋಟೀನನ್ನು ಗುರುತಿಸುವ ಹಾಗೆ ಲ್ಯಾಬಿನಲ್ಲಿ ಬದಲಿಸಿ, ಬೆಳೆಸಿ, ಡ್ರಿಪ್‌ನಲ್ಲಿ ವಾಪಸ್ ಕೊಡುತ್ತಾರೆ. ಮುಂಬೈ ಐಐಟಿ, ಟಾಟಾ ಮೆಮೋರಿಯಲ್‌ನವರ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆಗೆ 2023ರಲ್ಲಿ ಅನುಮತಿ ಸಿಕ್ಕಿದೆ. ಬೆಂಗಳೂರಿನ ಇಮ್ಯುನೀಲ್ ಕಂಪನಿಯ ಇಂಥದೇ ಚಿಕಿತ್ಸೆ ಕಾರ್ಟೆಮಿ 2025ರಲ್ಲಿ ಬಂತು. ಅಮೆರಿಕದಲ್ಲಿ ಕೋಟಿಗಟ್ಟಲೆ ಆಗುವುದು ಇಲ್ಲಿ ಲಕ್ಷಗಳಲ್ಲಿ ಆಗುತ್ತದೆ ನಿಜ, ಆದರೆ ಅಡಿಕೆ ತೋಟ ನಂಬಿದ ಮನೆಗೆ ಅದೂ ದೊಡ್ಡ ಮೊತ್ತವೇ.

ಮನೆಯಲ್ಲಿ ಯಾರಿಗಾದರೂ ಮಾಡಿಸಿದವರು ದಯವಿಟ್ಟು ತಿಳಿಸಿ. ಕಣ ತೆಗೆದು, ವಾಪಸ್ ಬರುವವರೆಗೆ ರೋಗ ಹೆಚ್ಚದಂತೆ ಏನು ಕೊಟ್ಟರು? ಕಣ ವಾಪಸ್ ಕೊಟ್ಟಮೇಲೆ ಜೋರು ಜ್ವರ, ಬಿಪಿ ಇಳಿಯುವುದು, ಮಾತು ತೊದಲುವುದು ಆಗಬಹುದಂತೆ, ನಿಮ್ಮವರಿಗೆ ಹೇಗಿತ್ತು? ಇಂಥ ಜ್ವರ, ಬಿಪಿ ತೊಂದರೆಗೆ ಕೊಡುವ ಟೋಸಿಲಿಜುಮ್ಯಾಬ್ ಔಷಧಿ, ಐಸಿಯು ಖರ್ಚು ಪ್ಯಾಕೇಜಿನೊಳಗೇ ಇತ್ತಾ? ವಿಮೆಯವರು ಎಷ್ಟು ಕೊಟ್ಟರು? ಚಿಕ್ಕಮ್ಮನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು, ಹಾಗಾಗಿ ಬೆಂಗಳೂರಲ್ಲೇ ಆದರೆ ಒಳ್ಳೆಯದು. ಆಸ್ಪತ್ರೆ ಹತ್ತಿರ ಕಡಿಮೆ ಬಾಡಿಗೆಯ ಮನೆ ಗೊತ್ತಿದ್ದರೂ ಹೇಳಿ. ಇಲ್ಲಿ ಬರೆಯಲು ಇಷ್ಟವಿಲ್ಲದವರು ನನಗೆ ಮೆಸೇಜ್ ಮಾಡಿ, ನಾನೇ ಫೋನ್ ಮಾಡುತ್ತೇನೆ.