ಬೆಂಗಳೂರು–ಲಂಡನ್ 9 ಗಂಟೆ ದಾರಿ ಅಲ್ವಾ, ಟಿಕೆಟ್‌ನಲ್ಲಿ 11 ಗಂಟೆ ಹತ್ರ ಯಾಕಿದೆ?

ತೀರ್ಥಹಳ್ಳಿ ಮನೆಮಗಳು:
ಎಲ್ರಿಗೂ ನಮಸ್ಕಾರ. ಅಪ್ಪಯ್ಯ ಅಮ್ಮ ಜನವರಿಯಲ್ಲಿ ಲಂಡನ್‌ಗೆ ತಮ್ಮನ ಮನೆಗೆ ಹೊರಟಿದ್ದಾರೆ, ಇಬ್ರೂ ವಿಮಾನ ಹತ್ತೋದು ಇದೇ ಮೊದಲು. ಅಪ್ಪಯ್ಯಂಗೆ ಮಂಡಿನೋವು, ಎಷ್ಟೊತ್ತು ಕೂರ್ಬೇಕಾಗುತ್ತೆ ಮಗಾ ಅಂತ ದಿನಾ ಕೇಳ್ತಾರೆ. ನೆಟ್‌ನಲ್ಲಿ ದೂರ ಸುಮಾರು 8,040 ಕಿ.ಮೀ., ಸ್ಪೀಡ್ ಗಂಟೆಗೆ 900 ಅಂತಿದೆ, ಭಾಗಿಸಿದ್ರೆ 9 ಗಂಟೆ. ಆದ್ರೆ ಟಿಕೆಟ್‌ನಲ್ಲಿ ಮಧ್ಯಾಹ್ನ 1:20ಕ್ಕೆ ಬಿಟ್ಟು ಸಂಜೆ 6:40ಕ್ಕೆ ಲಂಡನ್, ಟೈಮ್ ವ್ಯತ್ಯಾಸ ಐದೂವರೆ ಗಂಟೆ ಕೂಡಿಸಿದ್ರೆ 10 ಗಂಟೆ 50 ನಿಮಿಷ. ಬರೋವಾಗ ಮಾತ್ರ 10 ಗಂಟೆಗೂ ಕಮ್ಮಿ ತೋರಿಸ್ತಿದೆ. ಇದ್ಯಾಕೆ ಹೀಗೆ? ದುಬೈ ಮೇಲೆ ಹೋದ್ರೆ ತುಂಬಾ ಸುತ್ತಾಗುತ್ತಾ?

ಸಾಗರದವ:
ಟಿಕೆಟ್‌ನಲ್ಲಿರೋದನ್ನೇ ನಂಬಿ. 8,040 ಅನ್ನೋದು ಭೂಮಿ ಮೇಲೆ ನೇರ ದಾರ ಹಿಡಿದ್ರೆ ಬರೋ ದೂರ, ಆ ದಾರ ಕಛ್ ದಾಟಿ ಪಾಕಿಸ್ತಾನ, ಇರಾನ್, ಕ್ಯಾಸ್ಪಿಯನ್ ಸಮುದ್ರ, ಆಮೇಲೆ ಉಕ್ರೇನ್ ಮೇಲೆ ಹೋಗುತ್ತೆ. ಉಕ್ರೇನ್ ಆಕಾಶ 2022ರ ಫೆಬ್ರವರಿಯಲ್ಲೇ ಬಂದ್ ಆಯ್ತು, 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ದೇಶದ ಕಂಪನಿ ವಿಮಾನಗಳಿಗೆ ದಾರಿ ಮುಚ್ತು, ಹಂಗಾಗಿ ಸುತ್ತು ಹಾಕ್ಲೇಬೇಕು. ತೀರ್ಥಹಳ್ಳಿಯಿಂದ ಉಡುಪಿಗೆ ಮ್ಯಾಪಲ್ಲಿ ಗೆರೆ ಎಳೆದ್ರೆ ಹತ್ರನೇ, ಆಗುಂಬೆ ಘಾಟಿ ಇಳಿಯೋರಿಗೆ ಗೊತ್ತು ಎಷ್ಟು ಹೊತ್ತು ಅಂತ.
ಇನ್ನೊಂದು, ಗೇಟ್ ಬಿಟ್ಟ ಗಳಿಗೆಯಿಂದ ಅಲ್ಲಿ ಗೇಟಿಗೆ ನಿಲ್ಲೋವರೆಗೂ ಟಿಕೆಟ್ ಟೈಮ್ ಲೆಕ್ಕ. ರನ್‌ವೇಗೆ ಹೋಗೋದು, ಸರದಿ ಕಾಯೋದು, ಲಂಡನ್ ಮೇಲೆ ಗಿರಕಿ ಹೊಡೆಯೋದು ಎಲ್ಲ ಅದ್ರಲ್ಲೇ. ನಮ್ಮ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ನೇರ 240 ಕಿ.ಮೀ. ಆಸುಪಾಸು, ಗಂಟೆಗೆ 500 ಹೋಗೋ ಎಟಿಆರ್ ಅನ್ನೋ ಚಿಕ್ಕ ವಿಮಾನ ಅರ್ಧ ಗಂಟೆಲಿ ಮುಟ್ಬೇಕಿತ್ತು, ಟಿಕೆಟ್‌ನಲ್ಲಿ ಒಂದು ಗಂಟೆ ಮೇಲೇ ಇರುತ್ತೆ ನೋಡಿ.

ಕೊಪ್ಪ ಕಾಫಿ:
ಸಾಗರದವರು ಗಾಳಿ ವಿಷ್ಯ ಬಿಟ್ರು, ಹೋಗೋಕೂ ಬರೋಕೂ ವ್ಯತ್ಯಾಸ ಅದ್ರಿಂದ್ಲೇ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅಂತ ಜೋರು ಗಾಳಿ, ಚಳಿಗಾಲದಲ್ಲಿ ಇನ್ನೂ ಜಾಸ್ತಿ. 900 ಅನ್ನೋದು ವಿಮಾನ ಗಾಳಿಯಲ್ಲಿ ಹೋಗೋ ಸ್ಪೀಡ್, ನೆಲದ ಲೆಕ್ಕದಲ್ಲಿ ಅಲ್ಲ. ಎದುರು ಗಾಳಿ 80 ಇದ್ರೆ 820 ಆಗುತ್ತೆ, ಬರೋವಾಗ ಅದೇ ಗಾಳಿ ಬೆನ್ನಿಗೆ ಬಿದ್ರೆ 980. ಸೀಟಿನ ಮುಂದಿನ ಸ್ಕ್ರೀನಲ್ಲಿ ಗ್ರೌಂಡ್ ಸ್ಪೀಡ್ ಅಂತ ಬರ್ತಾ ಇರುತ್ತೆ, ಅಪ್ಪಯ್ಯಂಗೆ ತೋರಿಸಿಕೊಡೋಕೆ ಪಕ್ಕದವ್ರಿಗೆ ಕೇಳಕ್ಕೆ ಹೇಳಿ, ಹೊತ್ತು ಹೋಗುತ್ತೆ.
ದುಬೈ ಸುತ್ತೇನಲ್ಲ ಮಾರಾಯ್ರೆ, ಬೆಂಗಳೂರು–ದುಬೈ 2,700, ದುಬೈ–ಲಂಡನ್ 5,500, ಒಟ್ಟು 8,200. ದೂರ ಹೆಚ್ಚಿಲ್ಲ, ಮಧ್ಯೆ ಕಾಯೋದೇ ಜಾಸ್ತಿ. ಆದ್ರೆ ಮಂಡಿನೋವಿನವ್ರಿಗೆ ನಾಲ್ಕು ಗಂಟೆ ಕೂತು ಎದ್ದು ಓಡಾಡಿ ಮತ್ತೆ ಕೂರೋದು ಒಳ್ಳೇದೂ ಆಗ್ಬಹುದು.

ತೀರ್ಥಹಳ್ಳಿ ಮನೆಮಗಳು:
ಇಬ್ರಿಗೂ ತುಂಬಾ ಥ್ಯಾಂಕ್ಸ್. ಅಮ್ಮಂಗೆ ದುಬೈಲಿ ಗೇಟ್ ಹುಡುಕೋ ಭಯ, ಹಾಗಾಗಿ ಡೈರೆಕ್ಟೇ ಇರ್ಲಿ. ಅವತ್ತೇ ಬೆಳಿಗ್ಗೆ ಶಿವಮೊಗ್ಗದಿಂದ ವಿಮಾನದಲ್ಲೇ ಬೆಂಗಳೂರಿಗೆ ಬಂದ್ರೆ ಆಗುತ್ತಾ?

ಸಾಗರದವ:
ಬೇಡ. ಜನವರಿ ಬೆಳಿಗ್ಗೆ ನಮ್ಮ ಕಡೆ ಮಂಜು ಹೆಂಗಿರುತ್ತೆ ಗೊತ್ತಲ್ಲ, ಲೇಟಾದ್ರೆ ಬೇರೆ ಬೇರೆ ಟಿಕೆಟ್ ಆಗಿರೋದ್ರಿಂದ ಲಂಡನ್ ವಿಮಾನ ಕಾಯಲ್ಲ. ಹಿಂದಿನ ದಿನ ಜನಶತಾಬ್ದಿಗೆ ಬಂದು ನೆಂಟರ ಮನೇಲಿ ಉಳ್ಕೊಳ್ಳಿ. ಕಂಪನಿಗೆ ಈಗ್ಲೇ ಫೋನ್ ಮಾಡಿ ವೀಲ್‌ಚೇರ್ ಬರೆಸಿ, ಅಪ್ಪಯ್ಯಂಗೆ ಕಿಟಕಿ ಬೇಡ, ಓಡಾಡೋ ದಾರಿ ಪಕ್ಕದ ಸೀಟ್ ಕೇಳಿ.