ಓಪಿಡಿಯಲ್ಲಿ ಡಾಕ್ಟರುಗಳು ಇಎಂಆರ್ ಬಳಸುತ್ತಿಲ್ಲ, ಎಲ್ಲಿಂದ ಶುರು ಮಾಡುವುದು?

ಪ್ರಶ್ನೆ
50 ಹಾಸಿಗೆಯ ಖಾಸಗಿ ಆಸ್ಪತ್ರೆ. ಬಿಲ್ಲಿಂಗ್, ಲ್ಯಾಬ್, ಫಾರ್ಮಸಿ ಸಾಫ್ಟ್‌ವೇರ್‌ನಲ್ಲೇ ಇವೆ. ಓಪಿಡಿ ಚೀಟಿ, ಕೇಸ್ ಶೀಟ್ ಮಾತ್ರ ಇನ್ನೂ ಕಾಗದ. ಇಎಂಆರ್ (ರೋಗಿಯ ದಾಖಲೆಯನ್ನು ಕಂಪ್ಯೂಟರಿನಲ್ಲೇ ಬರೆದಿಡುವ ಸಾಫ್ಟ್‌ವೇರ್) ಕೊಂಡಾಗಿದೆ, ಡಾಕ್ಟರುಗಳು ಮುಟ್ಟುತ್ತಿಲ್ಲ. ಆಭಾ (ಸರ್ಕಾರದ ಡಿಜಿಟಲ್ ಆರೋಗ್ಯ ಗುರುತಿನ ಸಂಖ್ಯೆ) ಜೋಡಣೆಯೂ ಆಗಬೇಕು. ಮೊದಲು ಯಾವುದು?

ಉತ್ತರ 1
ಮೊದಲು ಸಮಯದ ಲೆಕ್ಕ ಹಾಕಿ. ಒಬ್ಬ ಡಾಕ್ಟರು ಬೆಳಗಿನ ಓಪಿಡಿಯಲ್ಲಿ 80 ಜನರನ್ನು ನೋಡುತ್ತಾರೆ ಅಂದುಕೊಳ್ಳಿ. ಟೈಪಿಂಗ್‌ಗೆ ತಲಾ 2 ನಿಮಿಷ ಹೆಚ್ಚಾದರೂ 160 ನಿಮಿಷ. ಅದು ಹಟವಲ್ಲ, ಅಷ್ಟು ಹೊತ್ತು ಅವರ ಬಳಿ ಇಲ್ಲ.

ಹಾಗಾಗಿ ಡಿಸ್ಚಾರ್ಜ್ ಸಮರಿಯಿಂದ ಶುರು ಮಾಡಿ. ಅದನ್ನು ಹೇಗೂ ಟೈಪ್ ಮಾಡಲೇಬೇಕು. ಲ್ಯಾಬ್ ರಿಪೋರ್ಟ್ ತಾನಾಗಿ ಅದರಲ್ಲಿ ಬಂದು ಕೂತರೆ ಡ್ಯೂಟಿ ಡಾಕ್ಟರಿಗೆ ಮೊದಲ ದಿನವೇ ಕೆಲಸ ಇಳಿಯುತ್ತದೆ. ಓಪಿಡಿ ಆಮೇಲೆ. ಅಲ್ಲಿ ಬಿಪಿ, ತೂಕ, ಟೆಂಪರೇಚರ್ ಸಿಸ್ಟರ್ ಹೊರಗೇ ಹಾಕಲಿ. ಪ್ರತಿ ಡಾಕ್ಟರು ಹೆಚ್ಚು ಬರೆಯುವ 30–40 ಔಷಧಿಗಳನ್ನು ಡೋಸ್, ದಿನಗಳ ಸಮೇತ ಸೆಟ್ ಮಾಡಿಡಿ. ಫಾರ್ಮಸಿಯ ಔಷಧಿ ಪಟ್ಟಿಯನ್ನೇ ಇಎಂಆರ್‌ಗೂ ಕೊಡಿ. ಎರಡು ಪಟ್ಟಿ ಇದ್ದರೆ ಸ್ಟಾಕ್‌ನಲ್ಲಿಲ್ಲದ ಮಾತ್ರೆ ಬರೆದು ರೋಗಿ ಮತ್ತೆ ಮೇಲೆ ಹತ್ತಿ ಬರಬೇಕಾಗುತ್ತದೆ.

ಉತ್ತರ 2
ಮೇಲಿನ ಮಾತು ಸರಿ, ಆದರೆ ಅದಕ್ಕೂ ಮೊದಲು ರಿಜಿಸ್ಟ್ರೇಷನ್ ಕೌಂಟರ್ ಸರಿಪಡಿಸಿ. ಮಂಜುನಾಥ್, ಮಂಜುನಾಥ, ಮಂಜು ಎಂದು ಒಬ್ಬರಿಗೇ ಮೂರು ನಂಬರ್ ಆದರೆ ಹಳೆಯ ದಾಖಲೆ ಸಿಗುವುದಿಲ್ಲ, ಡಾಕ್ಟರು ವಾರದೊಳಗೆ ನಂಬಿಕೆ ಕಳೆದುಕೊಳ್ಳುತ್ತಾರೆ. ಮನೆಮಂದಿಗೆಲ್ಲ ಒಂದೇ ಮೊಬೈಲ್ ಇರುವುದುಂಟು. ಫೋನ್ ನಂಬರಿನ ಜೊತೆ ವಯಸ್ಸು, ಊರು ಕೇಳಿಯೇ ಹುಡುಕಬೇಕು. 14 ಅಂಕಿಯ ಆಭಾ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಕೌಂಟರಿನ ಕ್ಯೂಆರ್ ಅನ್ನು ರೋಗಿ ತಮ್ಮ ಮೊಬೈಲಿನ ಆಭಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಹೆಸರು, ವಯಸ್ಸು ತಾವಾಗಿ ಬರುತ್ತವೆ, ಕಾಗುಣಿತದ ತೊಂದರೆ ಇಲ್ಲ.

ಸಾಫ್ಟ್‌ವೇರ್ ಮಾರಿದ ವೆಂಡರ್ 'ಎಬಿಡಿಎಂ (ಆಭಾ ನಡೆಸುವ ಕೇಂದ್ರದ ಡಿಜಿಟಲ್ ಆರೋಗ್ಯ ಯೋಜನೆ) ಆಗಿದೆ' ಎಂದರೆ ಯಾವ ಹಂತ ಎಂದು ಕೇಳಿ. ಮೊದಲ ಹಂತವಾದ ಎಂ1 ಅಂದರೆ ಆಭಾ ಮಾಡುವುದು, ಪರಿಶೀಲಿಸುವುದು ಮಾತ್ರ. ರೋಗಿಯ ದಾಖಲೆ ಅವರ ಆಭಾಗೆ ಜೋಡಣೆಯಾಗಬೇಕಾದರೆ ಎಂ2 ಬೇಕು.

ಉತ್ತರ 3
ಕರೆಂಟು, ನೆಟ್ ಮರೆಯಬೇಡಿ. ವಾರ್ಡಿಗೆ ವೈಫೈ ನೆಚ್ಚಿಕೊಳ್ಳದೆ ಕೇಬಲ್ ಎಳೆಸಿ. ಯುಪಿಎಸ್‌ಗೆ ಕಂಪ್ಯೂಟರ್ ಅಷ್ಟೇ ಅಲ್ಲ, ನೆಟ್‌ವರ್ಕ್ ಸ್ವಿಚ್, ರೂಟರ್ ಕೂಡ ಸೇರಿಸಿ. ಅವು ಆರಿದರೆ ಕಂಪ್ಯೂಟರ್ ಆನ್ ಇದ್ದೂ ದಂಡ. ಸಿಸ್ಟಮ್ ನಿಂತಾಗ ಬರೆಯಲು ಅಚ್ಚು ಹಾಕಿಸಿದ ಹಾಳೆ ಪ್ರತಿ ವಾರ್ಡಿನಲ್ಲಿರಲಿ, ಮತ್ತೆ ಎಂಟ್ರಿ ಮಾಡುವವರು ಯಾರೆಂದು ಮೊದಲೇ ಗೊತ್ತಿರಲಿ.

ಐಪಿ (ಒಳರೋಗಿ) ದಾಖಲೆಯನ್ನು 3 ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು 2002ರ ವೈದ್ಯಕೀಯ ನಿಯಮಾವಳಿ ಹೇಳುತ್ತದೆ. ವೆಂಡರ್ ಬದಲಿಸಿದರೂ ಇದು ತಪ್ಪದು. ಅದಕ್ಕೇ ಪೂರ್ತಿ ಡೇಟಾವನ್ನು ಓದಬಲ್ಲ ರೂಪದಲ್ಲಿ, ಬೇರೆ ಶುಲ್ಕವಿಲ್ಲದೆ ವಾಪಸ್ ಕೊಡಬೇಕೆಂದು ಒಪ್ಪಂದದಲ್ಲೇ ಬರೆಸಿ. ಬ್ಯಾಕಪ್ ಆಗುತ್ತಿದೆ ಎಂಬ ಮಾತು ಸಾಲದು, 3 ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ತೆರೆಸಿ ನೋಡಿ.