ಸಹಾಯ ಬೇಕು: ಹಳೇ ಸ್ನೋಕ್ಯಾಟ್‌ಗೆ ಚಿಕ್ಕ ಸ್ಟೀರಿಂಗ್ ವೀಲ್

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಕೊಲರಾಡೋದಲ್ಲಿ. ಹೋದ ವರ್ಷ 1960ರ ದಶಕದ ಒಂದು ಟಕ್ಕರ್ ಸ್ನೋ-ಕ್ಯಾಟ್ ತಗೊಂಡೆ. ಹಿಮದ ಮೇಲೆ ಓಡುವ ಗಾಡಿ, ಚಕ್ರದ ಬದಲು ನಾಲ್ಕು ಟ್ರ್ಯಾಕ್ (ಯುದ್ಧದ ಟ್ಯಾಂಕ್‌ಗೆ ಇರುವಂಥ ಪಟ್ಟಿ). 1957-58ರಲ್ಲಿ ಬ್ರಿಟಿಷ್ ಅನ್ವೇಷಕ ವಿವಿಯನ್ ಫುಕ್ಸ್ ಅವರ ತಂಡ ಅಂಟಾರ್ಕ್ಟಿಕಾ ದಾಟಿದ್ದು ಇದರ ಅಣ್ಣಂದಿರ ಜೊತೆಗೇ!

ತೊಂದರೆ ಸ್ಟೀರಿಂಗ್ ವೀಲ್‌ದು. ಹಳೇ ಲಾರಿಯದರ ಹಾಗೆ, 17 ಇಂಚು. ಕ್ಯಾಬಿನ್ ಇಕ್ಕಟ್ಟು. ದಪ್ಪ ಜಾಕೆಟ್ ಹಾಕಿ ಕೂತರೆ ಹೊಟ್ಟೆಗೆ ಒತ್ತುತ್ತದೆ, ಇಳಿಯುವಾಗ ಮಂಡಿಗೆ ಬಡಿಯುತ್ತದೆ. (ಹೊಟ್ಟೆ ಕರಗಿಸಿ ಅಂತ ನಮ್ಮ ಮನೆಯವಳ ಸಲಹೆ. ದಯವಿಟ್ಟು ನೀವೂ ಅದನ್ನೇ ಹೇಳಬೇಡಿ.)

14 ಅಥವಾ 15 ಇಂಚಿನದು ಸಾಕು. ನನ್ನ ಗಾಡಿಯಲ್ಲಿ ಹೈಡ್ರಾಲಿಕ್ ಸ್ಟೀರಿಂಗ್ ಇದೆ, ಹಾಗಾಗಿ ಚಿಕ್ಕದಾದರೂ ಕೈಗೆ ಜಾಸ್ತಿ ಭಾರ ಆಗಲಿಕ್ಕಿಲ್ಲ. ಆದರೆ ಶಾಫ್ಟ್‌ನ ಹಲ್ಲಿಗೆ ಸರಿಯಾಗಿ ಕೂರಬೇಕಲ್ವಾ? ಹಲ್ಲು ಎಣಿಸೋಣ ಅಂದರೆ ವೀಲ್ ತುಕ್ಕು ಹಿಡಿದು ಕಚ್ಚಿಕೊಂಡಿದೆ. ಪುಲ್ಲರ್ (ವೀಲ್ ಎಳೆದು ಬಿಚ್ಚುವ ಸಾಧನ) ಹಾಕಿ ಜೋರಾಗಿ ಎಳೆದರೆ ಒಡೆದೇ ಹೋಗುತ್ತೇನೋ ಅಂತ ಭಯ.

ಟ್ರ್ಯಾಕ್ಟರ್ ಅಥವಾ ಫೋರ್ಕ್‌ಲಿಫ್ಟ್ ವೀಲನ್ನು ಅಡಾಪ್ಟರ್ ಹಾಕಿ ಕೂರಿಸಿದವರು ಇದ್ದೀರಾ? ಹಳೇ ವೀಲ್ ಒಡೆಯದೆ ಬಿಚ್ಚುವ ಉಪಾಯ ಗೊತ್ತಿದ್ದರೂ ಹೇಳಿ. ಹಿಮ ಬೀಳೋಕೆ ಇನ್ನು ಆರು ವಾರ ಇದೆ ಅಷ್ಟೇ.